ಕಲ್ಲಿದ್ದಲಿಲ್ಲದ ಊರಿನ ಹೊಗೆ

ಕಳೆದ ಶುಕ್ರವಾರ ಈ ಕೊಲ್ಲಿ ದೇಶದ ಅಲ್ ಮನ್ಸೂರಾ ಬಡಾವಣೆಯ ಹೋಟೆಲೊಂದರಲ್ಲಿ ಪಕ್ಕದ ಮೇಜಿಗೆ ಬಂಗುಡೆ ಫ್ರೈ ಬಂತು. ನಾನು ಮೈಸೂರಿನ ಅಪ್ಪಟ ಸೊಪ್ಪುಸಾರಿನ ಮನುಷ್ಯ, ಮೂಗು ಮುಚ್ಚಿಕೊಳ್ಳಬೇಕಿತ್ತು. ಬದಲಿಗೆ ನಮ್ಮ ಲ್ಯಾಬಿನಲ್ಲಿದ್ದ ವಸಂತಿಯಕ್ಕ ನೆನಪಾಗಿ ಮನಸ್ಸು ಭಾರವಾಯಿತು. ಎದುರಿಗೆ ನಮ್ಮ ವಿಭಾಗದ ಮುಖ್ಯಸ್ಥರು, ಬೆಂಗಳೂರಿನವರು, "ಈ ಸಲ ರಿವ್ಯೂಗೆ ಸಲ್ಫರ್ ಬಿಟ್ಟುಬಿಡೋಣ, ಏನಂತೀರಿ?" ಎಂದು ಕೇಳಿ ದೋಸೆ ಮುರಿಯುತ್ತಿದ್ದರು. ಅವರು ಸ್ವಲ್ಪ ಕಾಯಲಿ. ಮೊದಲು ನಿಮಗೆ ಈ ವಾಸನೆಯ ಕಥೆ ಹೇಳಿಬಿಡುತ್ತೇನೆ.

ಇಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ನಮ್ಮ ಸಂಶೋಧನೆ. ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳ ಹೊಗೆಯಿಂದ ಇಂಗಾಲದ ಡೈಆಕ್ಸೈಡನ್ನು ಹಿಡಿದಿಡುವ ದ್ರಾವಣ ತಯಾರಿಸುವುದು ಕೆಲಸ. ಅಮೀನ್ ಎಂಬ ಆ ದ್ರಾವಣ ಕೆಟ್ಟ ಮೀನಿನ ಹಾಗೆ ನಾರುತ್ತದೆ. ನನ್ನ ಅಂಗಿಗಳಿಗೆ ಹೆಂಡತಿ ಬಾಲ್ಕನಿಯಲ್ಲೇ ಬಿಡಾರ ಹಾಕಿಸಿದ್ದಾಳೆ. ಮೊದಲ ದಿನ ನಾನು "ಏನಿದು ಮೀನು ವಾಸನೆ" ಎಂದು ಮುಖ ಸಿಂಡರಿಸಿದಾಗ ವಸಂತಿಯಕ್ಕ, "ಎಂತ ಮಾರಾಯ್ರೆ, ಮೀನಿಗೆ ಅವಮಾನ ಮಾಡ್ಬೇಡಿ" ಎಂದಿದ್ದರು.

ಇನ್ನು ಕಲ್ಲಿದ್ದಲೋ! ರಾಸ್ ಲಫಾನ್ ಬಂದರಿನ ನೈಸರ್ಗಿಕ ಅನಿಲವನ್ನು ನಂಬಿ ಬದುಕುವ ಈ ದೇಶದಲ್ಲಿ ನಾನು ಕಂಡ ಇದ್ದಲೆಂದರೆ ಕಬಾಬಿನಂಗಡಿಯದ್ದು. ಹಾಗಾಗಿ ಸಿಲಿಂಡರುಗಳಿಂದ ಅನಿಲ ಬೆರೆಸಿ ಹೊಗೆಯನ್ನು ನಾವೇ ತಯಾರಿಸಿಕೊಳ್ಳುತ್ತೇವೆ. ಮನೆಯ ಅಡುಗೆಯಂತೆ ಇಲ್ಲೂ ಏನಾದರೊಂದನ್ನು ಹಾಕದೆ ಬಿಟ್ಟರೆ ಹೊರಗಿನವರಿಗೆ ತಿಳಿಯುವುದಿಲ್ಲ. ನಿಜವಾದ ಕಲ್ಲಿದ್ದಲ ಹೊಗೆಯಲ್ಲಿರುವ ಗಂಧಕದ, ಅಂದರೆ ಸಲ್ಫರಿನ, ಅನಿಲ ಸೇರಿದರೆ ಅಮೀನ್ ಕೆಡುತ್ತದೆ, ಅದಕ್ಕೇ ನಾವು ಅದನ್ನು ಬಿಟ್ಟು ಬೆರೆಸುತ್ತಿದ್ದೆವು.

ತಂಡದ ಹಿರಿಯ ಸಂಶೋಧಕಿ ವಸಂತಿಯಕ್ಕ ಕರಾವಳಿಯವರು, ಮನೆಮಾತು ತುಳು. ತವರಿನ ಅಂಗಳಕ್ಕೆ ಸ್ಥಾವರವೊಂದರ ಚಿಮಣಿ ಕಾಣುತ್ತದಂತೆ. ಗಂಧಕವನ್ನೂ ತಾಳಿಕೊಳ್ಳುವ ದ್ರಾವಣ ಮಾಡಲೇಬೇಕೆಂಬುದು ಅವರ ಹಟ. ಹಲವು ವರ್ಷ ದುಡಿದು ಮಾಡಿದ ದ್ರಾವಣ ಶುದ್ಧ ಹೊಗೆಯಲ್ಲಿ ಸೊಗಸಾಗಿ ಕೆಲಸ ಮಾಡಿತು. ಹಣ ಕೊಡುವವರ ರಿವ್ಯೂ ಹತ್ತಿರವಿತ್ತು, ಅವರ ಕಾಂಟ್ರಾಕ್ಟ್ ಅದನ್ನೇ ಅವಲಂಬಿಸಿತ್ತು.

"ರಿಸಲ್ಟ್ ಚೆನ್ನಾಗಿದೆ, ಖಲಾಸ್. ಇದನ್ನೇ ತೋರ್ಸಿ" ಎಂದರು ಮುಖ್ಯಸ್ಥರು.

"ನಮ್ಮೂರಿನ ಚಿಮಣಿಯಲ್ಲಿ ಇಷ್ಟು ಚಂದದ ಹೊಗೆ ಬರುದಿಲ್ಲ ಸರ್" ಎಂದವರೇ ವಸಂತಿಯಕ್ಕ ಗಂಧಕದ ಸಿಲಿಂಡರನ್ನು ಜೋಡಿಸಿಬಿಟ್ಟರು.

ವಾರ ಕಳೆಯುವುದರೊಳಗೆ ದ್ರಾವಣ ಕಂದುಬಣ್ಣಕ್ಕೆ ತಿರುಗಿ ಕೈಕೊಟ್ಟಿತು. ಅಳುತ್ತಿರಬಹುದೆಂದು ನಾನು ಚಹಾ ಹಿಡಿದು ಹೋದರೆ ಅವರು ಹೊಸ ಕೈಗವಸು ತೊಡುತ್ತಿದ್ದರು. "ಇದು ಆಗುದಿಲ್ಲ ಅಂತ ಗೊತ್ತಾಯ್ತಲ್ಲ. ಬೇರೆ ಮಾಡುವ." ರಿವ್ಯೂಗೆ ಬಂದವರ ಮುಂದೆ ಅದೇ ಕಂದು ಬಾಟಲಿಯನ್ನಿಟ್ಟರು. ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಅವರು ಊರಿಗೆ ಹೊರಟ ದಿನ ನನಗೆ ಎಲ್ಲರ ಮೇಲೂ ಸಿಟ್ಟು ಬಂತು, ಅವರ ಮೇಲೂ. ಆದರೂ ಅವರು ಆರಂಭಿಸಿದ್ದ ಹೊಸ ಮಿಶ್ರಣವನ್ನು ಬಿಡಲು ಮನಸ್ಸಾಗದೆ ನಾನೇ ಮುಂದುವರಿಸಿದೆ. ಈಗಿನ ರಿವ್ಯೂ ಅದರದ್ದೇ. ಈ ಸಲ ಅದರ ಮೇಲೆ ನಿಂತಿರುವ ಕಾಂಟ್ರಾಕ್ಟ್ ನನ್ನದು.

ದೋಸೆ ಮುಗಿಸಿದ ಮುಖ್ಯಸ್ಥರು ಮತ್ತೆ ಕೇಳಿದರು. ಮೇಲಿನವರ ಎದುರು ತಲೆಯಾಡಿಸುವುದರಲ್ಲಿ ನಾನು ಪಳಗಿದವನು. ಅಂಥವನ ಬಾಯಿಂದ ಬಂದದ್ದು ಕೇಳಿ ನನಗೇ ಆಶ್ಚರ್ಯವಾಯಿತು: "ಸಲ್ಫರ್ ಇಲ್ಲದ ಕಲ್ಲಿದ್ದಲು ಎಲ್ಲಿ ಸಿಗತ್ತೆ ಹೇಳಿ ಸಾರ್, ಅದನ್ನೇ ತರಿಸೋಣ."

ಅವರು ಬಿಲ್ ತರಲು ಹೇಳಿದರು.

ಭಾನುವಾರ ಬೆಳಿಗ್ಗೆ ಗಂಧಕ ಬೆರೆಸಿಯೇ ಪರೀಕ್ಷೆ ಶುರುಮಾಡಿದೆ. ಇದನ್ನು ಬರೆಯುವಾಗಲೂ ನಡೆಯುತ್ತಿದೆ. ದ್ರಾವಣ ಇನ್ನೂ ತಿಳಿಯಾಗಿದೆ. ಕೆಟ್ಟರೆ, ಕೆಟ್ಟದ್ದನ್ನೇ ತೋರಿಸುತ್ತೇನೆ.