ಕಾಲೂರದೆ ಹತ್ತಿದ ಘಾಟಿ

ನಮ್ಮ ಕರಾವಳಿ ಸಂಘದ ವಾಟ್ಸಾಪ್ ಗುಂಪಿಗೆ ಬಂದ ಪೋಸ್ಟರಿನಲ್ಲಿ ಹಸಿರು ಬೆಟ್ಟಗಳಿದ್ದವು, ನಡುವೆ ಒಂದು ಹೊಳೆಯೂ ಹರಿಯುತ್ತಿತ್ತು. ‘ರಮಣೀಯ ಗಿರಿಸೀಮೆಯಲ್ಲಿ ಕುಟುಂಬ ಸಮೇತ ದೀರ್ಘ ಸೈಕಲ್ ಸವಾಲು’ ಎಂದು ಕೆಳಗೆ ಬರೆದಿತ್ತು. ನಾವಿರುವ ಬಹರೈನಿನಲ್ಲಿ ಹೊಳೆ ಇಲ್ಲ. ಗಿರಿ ಎನ್ನಬಹುದಾದದ್ದು ಒಂದೇ: ದ್ವೀಪದ ನಡುವಿನ ಜಬಲ್ ದುಖಾನ್, ಅಂದರೆ ಹೊಗೆಯ ಬೆಟ್ಟ. ಮಂಗಳೂರಿನಲ್ಲಾದರೆ ಅದನ್ನು ಗುಡ್ಡೆ ಎಂದು ಕರೆದು, ನೆತ್ತಿ ಸವರಿ, ಎಂದೋ ಅಪಾರ್ಟ್‌ಮೆಂಟ್ ಕಟ್ಟಿರುತ್ತಿದ್ದರು.

ಇಂಥದ್ದಕ್ಕೆಲ್ಲ ನಾನು ಹೋಗುವವನಲ್ಲ. ಅಸ್ಕರ್ ಎಂಬ ಊರಿನ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಲೋಹದ ಮಾದರಿ ಪರೀಕ್ಷಿಸುವುದು ನನ್ನ ಕೆಲಸ. ಅನುಮಾನ ಪಡುವುದಕ್ಕೇ ಸಂಬಳ ಕೊಡುತ್ತಾರೆ. ಆದರೆ ಆರನೇ ಕ್ಲಾಸಿನ ಮಗಳು ಆಗಲೇ ಹೆಸರು ಕೊಟ್ಟಾಗಿತ್ತು, ಜೊತೆಗೆ ಶಪಥವನ್ನೂ ಮಾಡಿದ್ದಳು: ಬೆಟ್ಟದ ಬುಡದ ಏರನ್ನು ಒಮ್ಮೆಯೂ ನೆಲಕ್ಕೆ ಕಾಲೂರದೆ ಹತ್ತುತ್ತೇನೆ, ಅಪ್ಪನ ಹಾಗೆ.

ಅಪ್ಪನ ಹಾಗೆ ಎಂದರೆ, ಎಂಎಸ್ಸಿ ಓದುವಾಗ ನಾನು ಚಾರ್ಮಾಡಿ ಘಾಟಿಯನ್ನು ಗೇರಿಲ್ಲದ ಸೈಕಲ್ಲಿನಲ್ಲಿ ಹತ್ತಿದ ಹಾಗೆ. ಅವಳು ಹಾಲು ಬಿಟ್ಟಾಗ, ಗಣಿತ ಬಿಟ್ಟಾಗ, ಈಜು ಬಿಟ್ಟಾಗಲೆಲ್ಲ ಹೇಳಿದ ಕಥೆ ಅದು. ಇತ್ತೀಚೆಗೆ ಅದರಲ್ಲಿ ಒಂದು ತೊಡಕು ಕಂಡಿತ್ತು. ನೆನಪಿನಲ್ಲಿ ನನಗೆ ಕಾಣುವುದು ಘಾಟಿ ಹತ್ತುವವನ ಬೆನ್ನು. ನೀಲಿ ಪಟ್ಟಿಯ ಅಂಗಿ, ಬೆವರಿಗೆ ಅಂಟಿದ್ದು. ಸೈಕಲ್ ತುಳಿಯುತ್ತಿದ್ದವನು ನಾನಾದರೆ ನನ್ನ ಬೆನ್ನು ನನಗೆ ಕಂಡದ್ದು ಹೇಗೆ?

ಇದಕ್ಕೆ ಸಾಕ್ಷಿ ಒಬ್ಬನೇ, ಅಂದು ಜೊತೆಗಿದ್ದ ರೂಂಮೇಟು. ಈಗ ಅವನಿಗೆ ಇಲ್ಲೇ ಗುದೈಬಿಯಾದಲ್ಲಿ ಬಟ್ಟೆಯಂಗಡಿ ಉಂಟು. ಸವಾಲಿನ ದಿನ ತನ್ನ ಪಿಕಪ್ಪಿನಲ್ಲಿ ನೀರು ತರುವವನೂ ಅವನೇ. ಮಗಳು ಅವನನ್ನು ಕೇಳದೆ ಬಿಡುವವಳಲ್ಲ. ಅವನು ಇಲ್ಲ ಎಂದುಬಿಟ್ಟರೆ, ಇಷ್ಟು ವರ್ಷ ನಾನು ಅವಳಿಗೆ ಕುಡಿಸಿದ ಹಾಲಿನ ಗತಿ?

ಶುಕ್ರವಾರ ಬಿಸಿಲೇರುವ ಮೊದಲೇ ಹೊರಟು ಜುಮ್ಮಾ ನಮಾಜಿನ ಹೊತ್ತಿಗೆ ಮುಗಿಸುವುದು ಎಂದು ತೀರ್ಮಾನವಾಗಿತ್ತು. ನಸುಕಿಗೇ ಎಲ್ಲರೂ ಬಂದರು. ಆದರೆ ನಮ್ಮವರು ಉದ್ಘಾಟಿಸದೆ ಏನನ್ನೂ ಶುರುಮಾಡುವುದಿಲ್ಲ. ಮರಳಿನ ಮೇಲೆ ಕಾರ್ಪೆಟ್, ಅದರ ಮೇಲೆ ಕಾಲುದೀಪ, ಅದರ ಪಕ್ಕ ಇನ್ನೂ ಬಾರದ ಮುಖ್ಯ ಅತಿಥಿಯ ಕುರ್ಚಿ. ಅವರು ಬಂದಾಗ ಗಾಳಿಯೂ ಬಂತು. ಬತ್ತಿ ಹೊತ್ತಿಕೊಳ್ಳಲಿಲ್ಲ.

“ಫೋನಿನ ಟಾರ್ಚ್ ಹಾಕಿ ಮಾರ್ರೆ, ದೇವರಿಗೆ ಗೊತ್ತಾಗ್ತದೆ,” ಎಂದು ಗೆಳೆಯ ಪಿಕಪ್ಪಿನಿಂದಲೇ ಕೂಗಿದ.

“ನೀನು ನೀರು ನೋಡಿಕೋ ಮಾರಾಯ,” ಎಂದರು ಸಂಘದ ಅಧ್ಯಕ್ಷರು.

ಕೊನೆಗೆ ಅತಿಥಿಗೆ ಹೊದಿಸಬೇಕಾದ ಶಾಲನ್ನೇ ನಾಲ್ಕು ಮಂದಿ ಅಡ್ಡ ಹಿಡಿದು ದೀಪ ಹಚ್ಚಿದರು. ಸ್ವಾಗತ, ಪ್ರಾಸ್ತಾವಿಕ, ಮುಂಜಾನೆಯ ವ್ಯಾಯಾಮದ ಮಹತ್ವ ಕುರಿತು ಅತಿಥಿಯ ಮಾತು. ಅದು ಮುಗಿಯುವಾಗ ಮುಂಜಾನೆಯೂ ಮುಗಿದಿತ್ತು. ವಂದನಾರ್ಪಣೆಯವರು ಸೂರ್ಯನನ್ನು ಬಿಟ್ಟು ಎಲ್ಲರಿಗೂ ಧನ್ಯವಾದ ಹೇಳಿದರು.

ರಮಣೀಯ ಹಾದಿಯಲ್ಲಿ ಎಣ್ಣೆಯ ಪೈಪುಗಳಿದ್ದವು, ಕೂತಲ್ಲೇ ತಲೆಯಾಡಿಸುವ ಪಂಪುಗಳಿದ್ದವು. ಅಧ್ಯಕ್ಷರು ಎದುರುಗಾಳಿಯಲ್ಲೂ ಫೋನಿನಲ್ಲಿ ಲೈವ್ ಹೇಳುತ್ತಿದ್ದರು. ಹೆಂಡತಿ ಮಂಡಿನೋವಿನ ಕಾರಣ ಊಟದ ಡೇರೆಯಲ್ಲಿ ಉಳಿದಿದ್ದಳು. ಮಗಳು ಹಳದಿ ಜಾಕೆಟ್ ತೊಟ್ಟು ಮುಂದೆ, ನಾನು ಹಿಂದೆ.

ಏರು ಶುರುವಾದಾಗ ಇಬ್ಬರೂ ಗೇರ್ ಇಳಿಸಿದೆವು. ನನಗೆ ಬೇಕಾದದ್ದು ಒಂದೇ: ಅವಳು ಹತ್ತಿಬಿಡಲಿ. ಹತ್ತಿದರೆ ಘಾಟಿಯ ಕಥೆಯನ್ನು ಯಾರೂ ಮತ್ತೆ ಬಿಚ್ಚಿ ನೋಡುವುದಿಲ್ಲ. ಅರ್ಧ ದಾರಿಯಲ್ಲಿ ಅವಳ ಸೈಕಲ್ ಹಾವಿನಂತೆ ಹೊರಳತೊಡಗಿತು.

“ಅಪ್ಪ,” ಎಂದಳು, ಹಿಂದೆ ತಿರುಗದೆ. “ಘಾಟಿಯಲ್ಲಿ ನಿಮಗೂ ಎದೆ ಹೀಗೇ ಉರೀತಾ?”

ನಾನು ಪ್ರಾಮಾಣಿಕವಾಗಿ ಹುಡುಕಿದೆ. ಬೆನ್ನು ಸಿಕ್ಕಿತು, ಅಂಗಿಯ ಪಟ್ಟಿಗಳು ಸಿಕ್ಕಿದವು, ಒಂದು ತಿರುವಿನಲ್ಲಿ ಕೂತಿದ್ದ ಕೋತಿಯೂ ಸಿಕ್ಕಿತು. ಉರಿ ಮಾತ್ರ ಎಲ್ಲೂ ಇರಲಿಲ್ಲ.

“ನೆನಪಿಲ್ಲ ಮಗಾ.”

“ಇದು ಮರೀಲಿಕ್ಕೆ ಆಗ್ತದಾ?” ಎಂದವಳೇ ಕಾಲೂರಿದಳು.

ನೀರು ಕುಡಿದಳು. ಮತ್ತೆ ಹತ್ತಿ ತುಳಿಯಲು ನೋಡಿದಳು, ಆಗಲಿಲ್ಲ. ಉಳಿದ ಏರನ್ನು ಸೈಕಲ್ ತಳ್ಳಿಕೊಂಡೇ ಮುಗಿಸಿದಳು, ನನ್ನ ಕಡೆ ನೋಡದೆ. ನಾನೂ ಇಳಿದು ತಳ್ಳಿದೆ. ನಿಜ ಹೇಳಬೇಕೆಂದರೆ ಕಾಲು ಆಗಲೇ ಸೋತಿತ್ತು.

ಮೇಲೆ ಗೆಳೆಯ ಪಿಕಪ್ಪಿನ ಹಿಂಬಾಗಿಲು ಬಿಚ್ಚಿ ಕಿತ್ತಳೆ ಸುಲಿಯುತ್ತಿದ್ದ. ಅವಳು ಸೀದಾ ಅವನೆದುರು ನಿಂತಳು. “ಅಂಕಲ್, ಪ್ರಾಮಿಸ್ ಮಾಡಿ ಹೇಳಿ. ಅಪ್ಪ ಘಾಟಿಯಲ್ಲಿ ಕಾಲೂರಲೇ ಇಲ್ವಾ?”

ಅವನು ನನ್ನನ್ನು ನೋಡಿದ, ಕಿತ್ತಳೆಯನ್ನು ನೋಡಿದ. “ನಿನ್ನ ಅಪ್ಪನಾ? ಎಂತ ಕೇಳ್ತೀ ಮಗಳೇ, ಹುಲಿ ಅವ! ಒಂದೇ ಉಸಿರಿಗೆ ಹತ್ತಿದ.”

ಅವಳು ಕಿತ್ತಳೆ ತೆಗೆದುಕೊಂಡು ನೆರಳಿಗೆ ಹೋದಳು. ಅವನು ನನಗೊಂದು ತೊಳೆ ಕೊಟ್ಟು ಮೆಲ್ಲಗೆ ನಕ್ಕ. “ಆ ಲಾರಿಯವ ಪುಣ್ಯಾತ್ಮ ಮಾರಾಯ. ನಿನ್ನನ್ನೂ ನಿನ್ನ ಸೈಕಲನ್ನೂ ಹತ್ತಿಸಿಕೊಂಡು ಇಡೀ ಘಾಟಿ ನನ್ನ ಹಿಂದೆಯೇ ಬಂದ, ಒಂದು ಹಾರ್ನ್ ಹೊಡೀಲಿಲ್ಲ. ನನ್ನ ಆ ನೀಲಿ ಪಟ್ಟಿಯ ಅಂಗಿ ಮಾತ್ರ ಬೆವರಿಗೆ ಹಾಳಾಯ್ತು.”

ನಾನು ಕಿತ್ತಳೆಯ ಬೀಜ ಉಗುಳಿದೆ. ಇವನ ನೆನಪನ್ನು ಮಾತ್ರ ನಂಬುವುದೇಕೆ ಎಂದು ಕೇಳಿಕೊಳ್ಳಲು ನೋಡಿದೆ. ಆದರೆ ಅಂಗಿಯ ವಿಷಯ ನಾನು ಯಾರಿಗೂ ಹೇಳಿದವನಲ್ಲ.

ಇಳಿಜಾರಿನಲ್ಲಿ ಎಲ್ಲರೂ ವೀರರಾಗಿ ಡೇರೆಗೆ ಮರಳಿದೆವು. ಎಲ್ಲರಿಗೂ ಪದಕ ಸಿಕ್ಕಿತು, ತಳ್ಳುಗಾಡಿಯಲ್ಲಿ ನಿದ್ದೆ ಮಾಡುತ್ತಿದ್ದ ಮಗುವಿಗೂ. ಹೆಂಡತಿ ಬಿರಿಯಾನಿ ಬಡಿಸುತ್ತ ಮಗಳನ್ನು ಕೇಳಿದಳು: “ಏರು ಎಂತ ಆಯ್ತು?”

“ಕಾಲೂರಲೇ ಇಲ್ಲ!” ಎಂದಳು ಮಗಳು. “ನೀರು ಕುಡೀಲಿಕ್ಕೆ ಒಮ್ಮೆ ನಿಂತೆ. ಅದು ಲೆಕ್ಕಕ್ಕಿಲ್ಲ.”

“ಹೌದೇನ್ರೀ?”

ಮಗಳು ನನ್ನನ್ನು ನೋಡಿದಳು. ಆ ಮುಖದಲ್ಲಿ ಸುಳ್ಳು ಹೇಳುವವರ ಅಂಜಿಕೆ ಇರಲಿಲ್ಲ. ಸಾಕ್ಷಿ ಇದೆ ಎಂಬ ಧೈರ್ಯ ಮಾತ್ರ ಇತ್ತು. ಎದುರು ಕೂತ ಗೆಳೆಯ ಕೋಳಿಯ ಕಾಲಿನಲ್ಲಿ ಮಗ್ನನಾಗಿದ್ದ.

“ಹೌದು,” ಎಂದೆ. “ಹಿಂದಿನಿಂದ ನಾನೇ ನೋಡಿದೆ.”

ಇದನ್ನು ಬರೆಯುವ ಮುನ್ನ ಆ ಏರನ್ನು ಮತ್ತೊಮ್ಮೆ ನೆನಪಿಗೆ ತಂದುಕೊಂಡೆ. ಹಳದಿ ಜಾಕೆಟ್ಟಿನ ಬೆನ್ನು ಸ್ಪಷ್ಟವಾಗಿ ಕಾಣುತ್ತದೆ. ಅವಳು ಸೈಕಲ್ ತಳ್ಳುತ್ತಿಲ್ಲ. ಸೀಟಿನಿಂದ ಎದ್ದು ನಿಂತು ತುಳಿಯುತ್ತಿದ್ದಾಳೆ.