ಸೋಡಾದಲ್ಲಿ ಅದ್ದಿದ ರೇಜರ್

2022ರ ಬೇಸಿಗೆಯಲ್ಲಿ ನಾನು ಜಮಖಂಡಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಲಕ್ವಾ ಹೊಡೆದವರನ್ನು ಎಬ್ಬಿಸಿ ಕೂರಿಸುವುದು, ನಡೆಸುವುದು, ಅವರ ಕೈಗೆ ಮತ್ತೆ ಚಮಚ, ಬಾಚಣಿಗೆ, ರೇಜರ್ ಹಿಡಿಸುವುದು ನನ್ನ ಕೆಲಸ. ಹೆಂಗಸಿಗೆ ದಾಡಿಯ ಉಸಾಬರಿ ಯಾಕೆ ಎಂದು ನಕ್ಕವರಿದ್ದಾರೆ. ನಗಲಿ. ತನ್ನ ದಾಡಿಯನ್ನು ತಾನೇ ಮಾಡಿಕೊಂಡ ದಿನ ಗಂಡಸಿನ ಬೆನ್ನು ನೆಟ್ಟಗಾಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅದಕ್ಕಾಗಿ ಸೇಫ್ಟಿ ರೇಜರಿನ ಬಗ್ಗೆ ತಿಳಿಯಬೇಕಾದ್ದನ್ನೆಲ್ಲ ಹಟ ಹಿಡಿದು ತಿಳಿದುಕೊಂಡಿದ್ದೆ.

ಆ ಬೇಸಿಗೆಯಲ್ಲಿ ನಮ್ಮಲ್ಲಿಗೆ ಬಂದವರು ಬನಹಟ್ಟಿಯ ಈರಪ್ಪ. ವಯಸ್ಸು ಐವತ್ತೆಂಟು. ನೇಕಾರರಿಗೆ ನೂಲು ಬಣ್ಣ ಮಾಡಿಕೊಡುವ ಮನೆ ಅವರದು. ಕುದಿಯುವ ನೀರಿನಲ್ಲಿ ಕಾಸ್ಟಿಕ್ ಸೋಡಾ ಹಾಕಿ ನೂಲಿನ ಲಡಿಯಲ್ಲಿರುವ, ಅಂದರೆ ಸುತ್ತಿದ ಕಟ್ಟಿನಲ್ಲಿರುವ ಜಿಡ್ಡು ಬಿಡಿಸಬೇಕು, ಆಮೇಲೆ ಬಣ್ಣಕ್ಕೆ ಅದ್ದಬೇಕು. ಬಣ್ಣ ಹಿಡಿಯಿತೋ ಇಲ್ಲವೋ ಎಂದು ಈರಪ್ಪ ನೂಲನ್ನು ಬೆರಳಲ್ಲಿ ಹಿಂಡಿಯೇ ಹೇಳುತ್ತಿದ್ದರಂತೆ. ಸ್ಟ್ರೋಕ್ ಬಡಿದದ್ದು ಅದೇ ಬಲಗೈಗೆ. ಜೊತೆಗೆ ಅಫೇಸಿಯಾ, ಅವರ ಮಟ್ಟಿಗೆ ಅಂದರೆ ನಾವು ಆಡಿದ್ದೆಲ್ಲ ಅರ್ಥವಾಗುತ್ತದೆ, ತಿರುಗಿ ಆಡಲು ಮಾತು ಸಿಗುವುದಿಲ್ಲ. ಅವರ ಬಾಯಲ್ಲಿ ಉಳಿದದ್ದು ‘ಹೂಂ’ ಮತ್ತು ‘ಬ್ಯಾಡ’ ಎಂಬ ಎರಡೇ ಪದ.

ಆಸ್ಪತ್ರೆಯಲ್ಲಿ ಅವರು ಚೆನ್ನಾಗಿಯೇ ಚೇತರಿಸಿಕೊಂಡರು. ಆಸ್ಪತ್ರೆಯದೇ ಒಂದು ಬ್ಲೇಡಿಲ್ಲದ ರೇಜರ್ ಕೊಟ್ಟು, ಕೆನ್ನೆಗೆ ಬರೀ ನೊರೆ ಹಚ್ಚಿ ಅಭ್ಯಾಸ ಮಾಡಿಸಿದೆ. ಕೈ ನಿಧಾನ, ಆದರೆ ಗಟ್ಟಿ. ನೊರೆಯನ್ನು ಒಂದೇ ಸಮನೆ ತೆಗೆದು ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದರು. ಮನೆಗೆ ಹೋಗುವ ದಿನ ನಾನೇ ಹೇಳಿದೆ: “ಯಜಮಾನ್ರ, ಇನ್ನ ನಿಮ್ಮ ರೇಜರ್, ನಿಮ್ಮ ಕನ್ನಡಿ.” ಅವರು “ಹೂಂ” ಎಂದರು. ಆ ಹೂಂನಲ್ಲಿದ್ದ ಖುಷಿಯನ್ನು ನಾನು ಇನ್ನೂ ಮರೆತಿಲ್ಲ.

ಮುಂದಿನ ವಾರ ಮನೆಯಲ್ಲೇ ವ್ಯಾಯಾಮ ಮಾಡಿಸಲೆಂದು ಬನಹಟ್ಟಿಗೆ ಹೋದಾಗ ಈರಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದರು. ಗಲ್ಲದ ಮೇಲೆ, ದವಡೆಯ ಕೆಳಗೆ ಕಪ್ಪುಗಟ್ಟಿದ ಗಾಯಗಳು. ಹೆಂಡತಿ ಶಾಂತವ್ವ ನನ್ನನ್ನು ಬಾಗಿಲಲ್ಲೇ ತಡೆದು ಹೇಳಿದರು: “ದಾಡಿ ಮಾಡ್ಕೊಳ್ಳಾಕ ಹೋಗಿ ಕೊಯ್ಕೊಂಡಾರ್ರಿ ಬಾಯಾರ. ಬನಿಯನ್ನೆಲ್ಲಾ ರಗತ. ಆಗಿಂದ ಕೈ ಎತ್ತವಲ್ರು.”

ಸ್ಟ್ರೋಕ್ ಆದವರಿಗೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಕೊಟ್ಟಿರುತ್ತೇವೆ. ಸಣ್ಣ ಗಾಯವೂ ಬಹಳ ಹೊತ್ತು ಸುರಿಯುತ್ತದೆ. ಈರಪ್ಪ ಕನ್ನಡಿಯಲ್ಲಿ ನೋಡಿದ್ದು ಆ ರಕ್ತವನ್ನು. ತನ್ನ ಕೈ ಮುಗಿಯಿತು ಎಂದು ಅವರು ಅಲ್ಲೇ ತೀರ್ಮಾನಿಸಿಬಿಟ್ಟಿದ್ದರು.

ಮುಂದಿನ ದಿನಗಳು ಹತಾಶೆಯವು. ನಾನು ಹೋದಾಗಲೆಲ್ಲ “ಬ್ಯಾಡ.” ಕೈ ಚಾಚಿರಿ ಎಂದರೆ ಬ್ಯಾಡ, ಚಮಚ ಹಿಡಿಯಿರಿ ಎಂದರೆ ಬ್ಯಾಡ. ಶಾಂತವ್ವ ಗಂಜಿ ತಿನ್ನಿಸಿದರೆ ಎರಡು ತುತ್ತಿಗೆ ಬಾಯಿ ಮುಚ್ಚಿಬಿಡುತ್ತಿದ್ದರು. ಕ್ಷೌರದವನನ್ನು ಮನೆಗೇ ಕರೆಸಿದರೆ ಎಡಗೈಯಿಂದ ಅವನನ್ನು ನೂಕಿದರು. ಬೆಳೆದ ಗಡ್ಡದಲ್ಲಿ ಗಂಜಿಯ ಅಂಟು, ಬೆವರು, ತುರಿಕೆ. ಅಷ್ಟು ಅಚ್ಚುಕಟ್ಟಿನ ಮನುಷ್ಯನನ್ನು ಆ ಸ್ಥಿತಿಯಲ್ಲಿ ನೋಡಲು ನನಗೇ ಸಂಕಟವಾಗುತ್ತಿತ್ತು.

ಓದುಗರಿಗೆ ಒಂದು ಮಾತು ತಿಳಿಸಬೇಕು. ಸ್ಟ್ರೋಕ್ ಆದ ಮೊದಲ ಕೆಲವು ತಿಂಗಳಲ್ಲಿ ಮಿದುಳು ಕಳೆದುಕೊಂಡದ್ದನ್ನು ಬೇಗ ಕಲಿಯುತ್ತದೆ. ಆ ಕಾಲದಲ್ಲಿ ಕೈಯನ್ನು ಬಳಸದಿದ್ದರೆ ಸ್ಪ್ಯಾಸ್ಟಿಸಿಟಿ ಹೆಚ್ಚುತ್ತದೆ. ಅಂದರೆ ಸ್ನಾಯುಗಳು ತಾವಾಗಿಯೇ ಬಿಗಿದುಕೊಂಡು ಬೆರಳುಗಳು ಮುಷ್ಟಿಯಾಗುತ್ತವೆ. ಹಾಗೆ ಮುಚ್ಚಿದ ಮುಷ್ಟಿಯನ್ನು ಮತ್ತೆ ತೆರೆಸುವುದು ಬಹಳ ಕಷ್ಟ. ಈರಪ್ಪನವರ ಬೆರಳು ಒಳಕ್ಕೆ ಮಡಚಿಕೊಳ್ಳಲು ಶುರುವಾಗಿತ್ತು. ನಾನು ಬಿಡಿಸಿ ಹೋಗುತ್ತಿದ್ದೆ, ಬರುವಷ್ಟರಲ್ಲಿ ಮತ್ತೆ ಮಡಚಿರುತ್ತಿತ್ತು. ಕೈ ಸೋತಿದೆ ಎಂದು ನಾನೂ ನಂಬತೊಡಗಿದ್ದೆ. ಆಸ್ಪತ್ರೆಯ ಗಟ್ಟಿ ಕೈ ಮನೆಗೆ ಬಂದ ಕೂಡಲೇ ಹೇಗೆ ಕೆಟ್ಟಿತು ಎಂದು ತಲೆ ಕೆಡಿಸಿಕೊಂಡು, ಸಿಟ್ಟು ಮಾಡಿಕೊಂಡು ಬಸ್ಸು ಹತ್ತುತ್ತಿದ್ದೆ.

ಇನ್ನು ಬಂದು ಫಲವಿಲ್ಲ ಎಂದು ಹೇಳಲೇಬೇಕು ಎಂದುಕೊಂಡು ಹೋದ ದಿನ ಶಾಂತವ್ವ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರು. “ನಿನ್ನಿಯಿಂದ ನೀರೂ ಕುಡಿದಿಲ್ರಿ. ನನ್ನ ಮಾರಿನೂ ನೋಡವಲ್ರು. ಸಾಯಾಕಂತನ ಮಲಗ್ಯಾರ” ಎಂದರು. ಹೇಳಲೆಂದು ತಂದ ಮಾತನ್ನು ಅಲ್ಲೇ ಬಿಟ್ಟೆ. ಏನಾದರೂ ಕೇಳಬೇಕಲ್ಲ ಎಂದು, “ಅವತ್ತ ರೇಜರ್ ಹ್ಯಾಂಗ ಹಿಡದಿದ್ರು? ತಗೊಂಬರ್ರಿ, ನೋಡೂಣು” ಎಂದೆ.

ಅವರು ತಂದ ರೇಜರ್ ಶುಭ್ರವಾಗಿತ್ತು. ಮೂರು ತುಂಡಿನ ಹಳೆಯ ಮಾದರಿ: ಹಿಡಿ, ಬ್ಲೇಡು ಕೂರುವ ತಳದ ತಟ್ಟೆ, ಮೇಲಿನ ಮುಚ್ಚಳ. ಹಗುರ ಅಲ್ಯೂಮಿನಿಯಮ್ಮು. ಆ ತಟ್ಟೆಯ ಎರಡೂ ಕಡೆಯ ಅಂಚು ಚರ್ಮವನ್ನು ಒತ್ತಿ ಹಿಡಿದು, ಬ್ಲೇಡನ್ನು ಬೇಕಾದಷ್ಟೇ ಹೊರಗೆ ಬಿಡುತ್ತದೆ. ಸೇಫ್ಟಿ ಎಂಬ ಹೆಸರು ಬಂದದ್ದೇ ಆ ಅಂಚಿನಿಂದ. ನಾನು ಹೊಸ ಬ್ಲೇಡು ಹಾಕಿ, ಬಿಗಿ ಮಾಡಿ, ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ಕಡೆ ಬ್ಲೇಡು ಕೂದಲೆಳೆಯಷ್ಟು ಇಣುಕುತ್ತಿತ್ತು. ಇನ್ನೊಂದು ಕಡೆ ಅಲಗೆಲ್ಲ ಹೊರಗೆ. ಆ ಬದಿಯ ಅಂಚು ಸವೆದು, ಮಂಕಾಗಿ, ಇಲಿ ಕಡಿದ ಹಾಗೆ ತರಿತರಿಯಾಗಿತ್ತು.

ಆ ಅಂಚನ್ನು ಶಾಂತವ್ವನ ಮುಂದೆ ಹಿಡಿದೆ.

“ಇದನ್ನ ಎದರಾಗ ತೊಳದ್ರಿ ಶಾಂತಕ್ಕಾ?”

“ದವಾಖಾನಿಯಿಂದ ಬರೂ ಮುಂದ ಸ್ವಚ್ಛ ಇರ್ಲಿ ಅಂತ, ಸೋಡಾ ನೀರಾಗ ಇಟ್ಟಿದ್ನಿರಿ. ಸೋಪಿನ ಜಿಡ್ಡು ಕಟ್ಟಿತ್ತು. ಬಣ್ಣದ ಮನಿಯಾಗ ಎಲ್ಲಾ ಅದರಾಗ ತೊಳೀತೀವಲ್ರಿ. ಬಟ್ಟಲದಾಗ ವಾರಿ ಇಟ್ಟಿದ್ದೆ. ಬುಳುಬುಳು ಬುರುಗು ಬಂತು. ಹೊಲಸು ಹೊಂಟೈತಿ ಅಂತ ಮತ್ತಷ್ಟು ಹೊತ್ತು ಬಿಟ್ಟೆ.”

ಹೋಗುತ್ತಿದ್ದದ್ದು ಹೊಲಸಲ್ಲ, ರೇಜರೇ. ಕಬ್ಬಿಣ, ಸ್ಟೀಲಿನ ಪಾತ್ರೆಗಳನ್ನು ಕಾಸ್ಟಿಕ್ ಏನೂ ಮಾಡುವುದಿಲ್ಲ. ಅದರಿಂದಲೇ ಆ ಮನೆಯಲ್ಲಿ ಜಿಡ್ಡು ಹಿಡಿದದ್ದೆಲ್ಲ ಸೋಡಾಕ್ಕೆ ಬೀಳುತ್ತಿತ್ತು. ಅಲ್ಯೂಮಿನಿಯಮ್ಮನ್ನು ಮಾತ್ರ ಅದು ತಿಂದುಹಾಕುತ್ತದೆ. ವಾರೆಯಾಗಿ ಇಟ್ಟಿದ್ದರಿಂದ ನೀರಲ್ಲಿ ಮುಳುಗಿದ್ದು ಒಂದೇ ಬದಿ, ಕರಗಿದ್ದೂ ಅದೇ ಬದಿ. ಕನ್ನಡಕ ತೆಗೆದಿಟ್ಟು ದಾಡಿಗೆ ಕೂತ ಈರಪ್ಪನವರಿಗೆ ಅದು ಕಾಣುವಂತಿರಲಿಲ್ಲ.

ಇದನ್ನು ಹೇಳಿದ ಕೂಡಲೇ ಶಾಂತವ್ವ “ಅಂದ್ರ ಅವರನ್ನ ನಾನ ಮಲಗಿಸಿದೆ ಏನ್ರಿ?” ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. “ಅವರಿಗೆ ಹೇಳಬ್ಯಾಡ್ರಿ ಬಾಯಾರ. ನಿಮ್ಮ ಕಾಲಿಗೆ ಬೀಳ್ತೀನಿ. ಆಮ್ಯಾಲ ನಾನು ಈ ಮನ್ಯಾಗ ಹ್ಯಾಂಗ ಇರ್ಲಿ?”

ನನಗೆ ಆ ಹೆಣ್ಣುಮಗಳ ಮೇಲೆ ಕನಿಕರ ಉಕ್ಕಿ ಬಂತು. ಗಂಡ ಮನೆಗೆ ಬರುತ್ತಾನೆಂದು ಇದ್ದಬದ್ದದ್ದನ್ನೆಲ್ಲ ತೊಳೆದಿಟ್ಟವಳು ಆಕೆ. ಆದರೆ ಹೇಳದಿದ್ದರೆ ಒಳಗೆ ಮಲಗಿದ ಮನುಷ್ಯ ತನ್ನ ಕೈಯನ್ನು ದೂರುತ್ತಲೇ ಕೊನೆಯಾಗುತ್ತಾನೆ. “ಹೇಳದಿದ್ರ ಅವರ ಕೈ ಹೋಗತೈತಿ ಶಾಂತಕ್ಕಾ” ಎಂದಷ್ಟೇ ಹೇಳಿದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದರು.

ಬರೀ ಮಾತಿನಲ್ಲಿ ಹೇಳಿದರೆ ಈರಪ್ಪ ನಂಬುವವರಲ್ಲ. ಸಮಾಧಾನಕ್ಕೆ ಆಡಿದ ಮಾತು ಎಂದು ಮತ್ತೆ ಗೋಡೆಗೆ ತಿರುಗುತ್ತಾರೆ. ನಾನು ಮುಂಗೈಗೆ ಸೋಪು ಹಚ್ಚಿಕೊಂಡೆ. ಇದನ್ನು ಯಾರೂ ಅನುಸರಿಸಬಾರದು, ನನಗೆ ಬೇರೆ ದಾರಿ ತೋಚಲಿಲ್ಲ. ಅವರ ಹಾಸಿಗೆಯ ಬಳಿ ಕೂತು, ಒಳ್ಳೆಯ ಬದಿಯಿಂದ ಒಮ್ಮೆ ಎಳೆದೆ. ಚರ್ಮ ನುಣ್ಣಗೆ ಬಂತು. ರೇಜರ್ ತಿರುಗಿಸಿ ಅಷ್ಟೇ ಹಗುರವಾಗಿ ಇನ್ನೊಮ್ಮೆ ಎಳೆದೆ. ಉರಿ ಹತ್ತಿತು, ಕೆಂಪು ಗೆರೆ ಮೂಡಿ ಹನಿ ಇಳಿಯಿತು. ಆ ಕೈಯನ್ನು ಅವರ ಮುಖದ ಮುಂದೆ ಹಿಡಿದೆ.

“ನನ್ನ ಕೈಗೆ ಲಕ್ವಾ ಹೊಡದಿಲ್ಲ ಯಜಮಾನ್ರ. ನನಗೂ ಕೊಯ್ತು, ನೋಡ್ರಿ.”

ಈರಪ್ಪ ಆ ಗೆರೆಯನ್ನೂ ರೇಜರನ್ನೂ ನೋಡಿದರು. ಎಷ್ಟೋ ದಿನಗಳ ಮೇಲೆ ಎದ್ದು ಕೂರಲು ಯತ್ನಿಸಿದರು. ನಾನು ಬೆನ್ನಿಗೆ ಕೈ ಕೊಟ್ಟೆ. ಕನ್ನಡಕ ಹಾಕಿಸಿ, ಬ್ಲೇಡು ತೆಗೆದು ತಟ್ಟೆಯನ್ನು ಅವರ ಅಂಗೈಯಲ್ಲಿಟ್ಟೆ. ಅವರು ಹೆಬ್ಬೆರಳನ್ನು ಆ ತರಿಯ ಮೇಲೆ ಆಡಿಸಿದರು. ಜೀವಮಾನವೆಲ್ಲ ಕಾಸ್ಟಿಕ್ ಕಲೆಸಿದ ಮನುಷ್ಯ. ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತಲೆ ಎತ್ತಿ ಬಾಗಿಲ ಕಡೆ ನೋಡಿದರು.

ಶಾಂತವ್ವ ಹೊಸ್ತಿಲಲ್ಲಿ ನಿಂತಿದ್ದರು. “ನಾನ ಇಟ್ಟಿದ್ದೆ. ಸೋಡಾದಾಗ. ನಂಗ ಗೊತ್ತಿರಲಿಲ್ಲ” ಎಂದರು. ಈರಪ್ಪನವರ ತುಟಿ ನಡುಗಿತು, ದವಡೆ ಆಡಿತು, ಮಾತಿಗಾಗಿ ಒದ್ದಾಡಿದರು. ಸಿಗದೆ ಹಾಸಿಗೆಗೆ ಎಡಗೈ ಗುದ್ದಿದರು. ಮತ್ತೆ ಯತ್ನಿಸಿದರು. ಕೊನೆಗೆ ಗಂಟಲಿನಿಂದ ಕಿತ್ತು ತಂದಂತೆ ಒಂದು ಪದ ಹೊರಟಿತು.

“ಹುಚ್ಚಿ!”

ಶಾಂತವ್ವ ಓಡಿಬಂದು ಅವರ ಮೊಣಕಾಲಿಗೆ ತಲೆಯಿಟ್ಟು ಅಳುತ್ತಲೇ ನಕ್ಕರು. “ಬೈದ್ರು ನೋಡ್ರಿ ಬಾಯಾರ, ನನ್ನನ್ನ ಬೈದ್ರು!” ಈರಪ್ಪನವರ ಬಲಗೈ, ಅರ್ಧ ಮಡಚಿದ ಆ ಬೆರಳುಗಳು, ನಿಧಾನವಾಗಿ ಜರುಗಿ ಆಕೆಯ ತಲೆಯ ಮೇಲೆ ಬಂದು ನಿಂತವು. ಆ ಕೈಯನ್ನು ಎತ್ತಿರಿ ಎಂದು ನಾನು ಹೇಳಿರಲಿಲ್ಲ.

ಜಮಖಂಡಿಯ ಪೇಟೆಯಿಂದ ಸ್ಟೀಲಿನ ಹೊಸ ರೇಜರ್ ತರಿಸಿದೆವು. ಕಾಪಾಡುವ ಬಗೆಯನ್ನು ಶಾಂತವ್ವನಿಗೆ ಕೂರಿಸಿ ಹೇಳಿದೆ. ದಾಡಿ ಆದ ಮೇಲೆ ಹಿಡಿಯನ್ನು ತುಸು ಸಡಿಲಿಸಿ ಹರಿಯುವ ನೀರಿಗೆ ಹಿಡಿಯಬೇಕು, ಜಾಡಿಸಿ ಗಾಳಿಯಾಡುವ ಕಡೆ ಒಣಗಲು ಇಡಬೇಕು. ಬ್ಲೇಡಿನ ಅಲಗನ್ನು ಬಟ್ಟೆಯಿಂದ ಒರೆಸಬಾರದು. ವಾರಕ್ಕೊಮ್ಮೆ ಬ್ಲೇಡು ತೆಗೆದು, ಬಿಚ್ಚಿ, ಉಗುರುಬೆಚ್ಚನೆಯ ನೀರು, ಪಾತ್ರೆ ತೊಳೆಯುವ ಸೋಪು, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಸೋಡಾ, ಹುಣಸೆಹುಳಿ, ಬ್ಲೀಚಿಂಗ್ ಪುಡಿ, ತಂತಿಯ ಸ್ಕ್ರಬ್ಬರ್ ಯಾವುದೂ ಬೇಡ. ಲೋಹ ಯಾವುದೆಂದು ತಿಳಿಯದಿದ್ದರೆ ಬರೀ ಸೋಪು. ಈರಪ್ಪ ಎಲ್ಲ ಕೇಳಿಸಿಕೊಂಡು ರೇಜರನ್ನು ತಮ್ಮ ದಿಂಬಿನ ಕಡೆ ಎಳೆದುಕೊಂಡರು. ತೊಳೆಯುವ ಕೆಲಸವೂ ಅವರದೇ ಆಯಿತು.

ಕಳೆದುಹೋದ ವಾರಗಳ ಬೆಲೆ ತೆರಲೇಬೇಕಾಯಿತು. ಕಿರುಬೆರಳು, ಅದರ ಪಕ್ಕದ ಬೆರಳು ಪೂರ್ತಿ ಬಿಚ್ಚಲಿಲ್ಲ, ಲಡಿ ಹಿಂಡುವ ಬಲವೂ ಬರಲಿಲ್ಲ. ದಾಡಿ ಮಾತ್ರ ಇಂದಿಗೂ ಅವರೇ ಮಾಡಿಕೊಳ್ಳುತ್ತಾರೆ.

ಆಮೇಲೆ ಮುಧೋಳ, ಬೀಳಗಿ, ಗಲಗಲಿ ಎಂದು ಎಷ್ಟೋ ಮನೆಗಳಿಗೆ ಹೋಗಿದ್ದೇನೆ. ಕೈಲಾಗುವುದಿಲ್ಲ ಎಂದು ಯಾರಾದರೂ ಗೋಡೆಗೆ ತಿರುಗಿದರೆ ಈಗ ಮೊದಲು ಅವರ ಕೈ ಹಿಡಿದು ನೋಡುವುದಿಲ್ಲ. ಆ ಕೈಗೆ ನಾವು ಹಿಡಿಯಲು ಏನು ಕೊಟ್ಟಿದ್ದೆವು, ತೋರಿಸಿ ಎಂದು ಮನೆಯವರನ್ನು ಕೇಳುತ್ತೇನೆ.