ಎಲೆ ಬಾಡಿಸುವ ಅಟ್ಟದ ಬಾಸಿಲ್ ಮಾಸ್ಟರ್

ಗೂಡಲೂರಿನ ಬಸ್ ನಿಲ್ದಾಣ ದಾಟಿ ಸ್ವಲ್ಪ ಮುಂದೆ ಬಂದರೆ ತಿರುವಿನಲ್ಲಿ ಒಂದು ಎಲೆ ಫ್ಯಾಕ್ಟರಿ ಇದೆ. ಶಾಲೆಯಲ್ಲಿ ಪಾಠ ಹೇಳಿ ಮುಗಿಸಿ ನಾನು ಮನೆಗೆ ಹೋಗುವ ಬಸ್ಸು ಅಲ್ಲಿ ನಿಧಾನವಾಗುತ್ತದೆ, ಕಿಟಕಿಯಿಂದ ಅರೆ ಬಾಡಿದ ಚಹಾ ಎಲೆಯ ವಾಸನೆ ಒಳಗೆ ನುಗ್ಗುತ್ತದೆ. ಲೋಟದಲ್ಲಿ ಚಹಾ ಕುಡಿದವರಿಗೆಲ್ಲ ಈ ವಾಸನೆ ಗೊತ್ತಿರುವುದಿಲ್ಲ. ಇದರಲ್ಲಿ ಹಸಿ ಹುಲ್ಲಿದೆ, ಸಿಪ್ಪೆ ಸುಲಿದಿಟ್ಟ ಸೇಬಿದೆ, ಒದ್ದೆ ಗೋಣಿಚೀಲವಿದೆ, ಕೊನೆಯಲ್ಲಿ ಸ್ವಲ್ಪ ಹೂವೂ ಇದೆ. ಪಕ್ಕದ ಸೀಟಿನ ಮಲಯಾಳಿ ಟೀಚರ್ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಕಿಟಕಿಯನ್ನು ಇನ್ನಷ್ಟು ತೆರೆಯುತ್ತೇನೆ, ಅವರು ನನ್ನನ್ನು ನೋಡಿ ಏನೋ ಗೊಣಗುತ್ತಾರೆ. ಅವರಿಗೆ ಹೇಗೆ ಹೇಳಲಿ? ಆ ವಾಸನೆಯೊಳಗೆ ನಮ್ಮ ಮನೆಯಿದೆ, ಅಜ್ಜ ಅಜ್ಜಿ ಇದ್ದಾರೆ, ಬೆರಳ ತುದಿ ಕತ್ತರಿಸಿದ ಉಣ್ಣೆಯ ಕೈಗವಸು ತೊಟ್ಟು ಗಿಟಾರ್ ಹಿಡಿದ ಒಬ್ಬ ಮುದುಕನಿದ್ದಾನೆ. ಈಗ ಇವರಲ್ಲಿ ಯಾರೂ ಇಲ್ಲ.

ನಮ್ಮ ಹಟ್ಟಿ ಕೋತಗಿರಿಯಿಂದ ಕೆಳಗೆ ಇಳಿಜಾರಿನಲ್ಲಿತ್ತು. ಹಟ್ಟಿ ಎಂದರೆ ನಮ್ಮ ಬಡಗರ ಊರು. ಗೋಡೆಗೆ ಗೋಡೆ ಅಂಟಿಕೊಂಡು ಸಾಲಾಗಿ ನಿಂತ ಮನೆಗಳು, ಮುಂದೆ ಎಲ್ಲರಿಗೂ ಸೇರಿದ ಒಂದೇ ಅಂಗಳ. ಒಂದು ಮನೆಯಲ್ಲಿ ಅವರೆ ಬೇಯಿಸಿದರೆ ಉಳಿದವರಿಗೆಲ್ಲ ಸುದ್ದಿ. ಹಟ್ಟಿಯ ಕೆಳಗೆ ಅಜ್ಜ ಮತ್ತೆ ಕೆಲವರು ಸೇರಿ ಕಟ್ಟಿದ ಸಣ್ಣ ಎಲೆ ಫ್ಯಾಕ್ಟರಿ ಇತ್ತು. ಎಲೆಯ ಬೆಲೆ ಬಿದ್ದುಹೋದ ಕಾಲದಲ್ಲಿ ಅದು ಮುಚ್ಚಿಹೋಗಿ, ಯಂತ್ರಗಳನ್ನು ಯಾರೋ ಬಿಚ್ಚಿ ಒಯ್ದರು. ಉಳಿದದ್ದು ಮೇಲಿನ ಅಟ್ಟ, ಎಲೆಯನ್ನು ಹರಡಿ ಬಾಡಿಸುತ್ತಿದ್ದ ಉದ್ದನೆಯ ಮರದ ಹಾಸಿನ ಕೋಣೆ. ಎಲೆ ಬರುವುದು ನಿಂತು ವರ್ಷಗಳಾದರೂ ಹಲಗೆಗಳಿಂದ ಆ ವಾಸನೆ ಹೋಗಿರಲಿಲ್ಲ. ಅಜ್ಜ, ನಮ್ಮ ಮಾತಿನಲ್ಲಿ ಹೆತ್ತಪ್ಪ, ಜೋಗಿ ಎಂದು ಹೆಸರು, ಆ ಖಾಲಿ ಅಟ್ಟವನ್ನು ದಿನಾ ಗುಡಿಸುತ್ತಿದ್ದರು. ಯಾತಕ್ಕೆ ಎಂದು ಕೇಳುವ ಧೈರ್ಯ ಹೆತ್ತೆಗೆ, ಅಂದರೆ ಅಜ್ಜಿಗೆ, ಮಾತ್ರ ಇತ್ತು. ಕೇಳುತ್ತಲೂ ಇದ್ದಳು.

ಫ್ಯಾಕ್ಟರಿಯ ಪಕ್ಕದ ತಗಡಿನ ಮನೆಗೆ ಬಾಡಿಗೆಗೆ ಬಂದವರು ಬಾಸಿಲ್ ಮಾಸ್ಟರ್. ಕೋಲಾರದ ಚಿನ್ನದ ಗಣಿಯ ಊರಲ್ಲಿ ಹುಟ್ಟಿದ ಆಂಗ್ಲೋ ಇಂಡಿಯನ್. ಕಲ್ಕತ್ತ, ಬೊಂಬಾಯಿಯ ದೊಡ್ಡ ಹೋಟೆಲುಗಳಲ್ಲಿ ಜಾಜ್ ಗಿಟಾರ್ ನುಡಿಸಿ ಹೆಸರು ಮಾಡಿದವರು. ವಯಸ್ಸಾದ ಮೇಲೆ ತಂಗಿಯ ಎದೆರೋಗಕ್ಕೆ ಬೆಟ್ಟದ ಗಾಳಿ ಒಳ್ಳೆಯದೆಂದು ಇಲ್ಲಿಗೆ ಬಂದರು. ತಂಗಿ ಹೋದಳು, ಇವರು ಉಳಿದರು. ಅವರ ಗಿಟಾರು ಜೇನಿನ ಬಣ್ಣದ್ದು, ಹೊಟ್ಟೆ ಉಬ್ಬಿದ್ದು, ಪಿಟೀಲಿಗೆ ಇರುವ ಹಾಗೆ ಎರಡು ಸೀಳು. ಪ್ರತಿ ಬೇಸಿಗೆಯಲ್ಲೂ ಊಟಿ, ಕೂನೂರಿನಿಂದ ಹುಡುಗ ಹುಡುಗಿಯರು ಗಿಟಾರ್ ಬೆನ್ನಿಗೆ ಹಾಕಿಕೊಂಡು ಲೋಕಲ್ ಬಸ್ಸಿನಲ್ಲಿ ಬರುತ್ತಿದ್ದರು. ಒಂದು ವಾರ ನಮ್ಮ ಅಟ್ಟದಲ್ಲಿ ಶಿಬಿರ. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. "ಈ ಕೂಸುಗ ತಂತಿ ತಿಂದು ಹೊಟ್ಟೆ ತುಂಬ್ವದಿಲ್ಲೆ" ಎಂದು ಹೆತ್ತೆ ಗೊಣಗುತ್ತಲೇ ರಾಗಿ ಹಿಟ್ಟು, ಆಲೂಗಡ್ಡೆ ಸಾರು ಬಡಿಸುತ್ತಿದ್ದಳು. ಮೈಸೂರಿನಲ್ಲಿ ಓದಿ ಕನ್ನಡ ಬರೆಯಲು ಕಲಿತವಳು ನಾನು. ನಮ್ಮವರ ಮಾತನ್ನು ನಿಮಗೆ ತಿಳಿಯಲೆಂದು ಒಂದಿಷ್ಟು ಬಗ್ಗಿಸಿ ಬರೆಯುತ್ತಿದ್ದೇನೆ, ಹೆತ್ತೆ ಇದ್ದಿದ್ದರೆ ಅದಕ್ಕೂ ಗೊಣಗುತ್ತಿದ್ದಳು.

ಶಿಬಿರದಲ್ಲಿ ನನ್ನ ಅಣ್ಣ ಬೋಜನೂ ಇದ್ದ. ನಾನು ಕಿಟಕಿಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂರುತ್ತಿದ್ದೆ. ಮಾಸ್ಟರ್ ಮೊದಲು ಏನೂ ಹೇಳದೆ ನುಡಿಸುತ್ತಿದ್ದರು. ಹೆಬ್ಬೆರಳು ಕೆಳಗಿನ ಸ್ವರಗಳನ್ನು ಮೆಟ್ಟಿಲು ಇಳಿಸುತ್ತಾ ಹೋಗುವುದು, ಉಳಿದ ಬೆರಳುಗಳು ಮೇಲೆ ಬೇರೆಯದೇ ಏನನ್ನೋ ಮಾತಾಡಿಕೊಳ್ಳುವುದು. ಅದು ಸಂತೋಷದ ಹಾಡೋ ದುಃಖದ್ದೋ ನನಗೆ ಒಮ್ಮೆಯೂ ತಿಳಿಯಲಿಲ್ಲ. ಆಮೇಲೆ ಪಾಠ. ಅವರು ಒಂದು ಸಣ್ಣ ತುಂಡು ನುಡಿಸಿ ಯಾರ ಕಡೆಗಾದರೂ ಗದ್ದ ಎತ್ತಿ ತೋರಿಸುವರು, ಆ ಹುಡುಗ ಉತ್ತರ ನುಡಿಸಬೇಕು. ಹುಡುಗರೆಲ್ಲ ಜಾಣರು, ಕೇಳಿದ್ದನ್ನು ಹಾಗೆಯೇ ತಿರುಗಿ ನುಡಿಸುತ್ತಿದ್ದರು. ಮಾಸ್ಟರಿಗೆ ಕೋಪ ಬರುತ್ತಿತ್ತು. "ಏನ್ ಮ್ಯಾನ್ ನೀನು, ಪೋಸ್ಟ್‌ಮ್ಯಾನಾ? ನಾನ್ ಕೊಟ್ಟ ಲೆಟರ್ ನಂಗೇ ವಾಪಸ್ ತರ್ತೀಯಾ? ಓದಿ ಆನ್ಸರ್ ಹಾಕು." ಗಣಿ ಊರಿನ ಆ ಹರಕು ಕನ್ನಡ ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟವಾಗಿತ್ತು. ಅವರ ಕೈ ಮಾತ್ರ ನಾನು ಹೇಳಹೊರಟ ವರ್ಷ ಸರಿಯಿರಲಿಲ್ಲ. ಎಡಗೈಯ ಕಿರುಬೆರಳು ಮಡಚಿಕೊಂಡು ಬಿಚ್ಚಲು ಬಾರದೆ ನಿಂತುಬಿಡುತ್ತಿತ್ತು, ಅವರು ಅದನ್ನು ಬಲಗೈಯಿಂದ ಹಿಡಿದು ನೆಟ್ಟಗೆ ಮಾಡಿ, ಏನೂ ಆಗದವರಂತೆ ಮುಂದುವರಿಸುತ್ತಿದ್ದರು.

ಒಂದು ದಿನ ಗದ್ದ ಬೋಜಣ್ಣನ ಕಡೆ ತಿರುಗಿತು. ಅವನು ತಬ್ಬಿಬ್ಬಾಗಿ, ಯೋಚಿಸದೆ, ಮೇಲಿನಿಂದ ಜಾರಿ ಕೆಳಗೆ ಬಂದು ಕೂರುವ ಮೂರು ಸ್ವರ ನುಡಿಸಿದ. ಮಾಸ್ಟರ್ ತಲೆ ಎತ್ತಿದರು. ಇನ್ನೊಮ್ಮೆ ಎಂದರು. ಇನ್ನೊಮ್ಮೆ. "ಇದು ಎಲ್ಲಿದು?" ಬೋಜಣ್ಣ ನಾಚಿಕೊಂಡು, "ಸಾವಿನ ಮನೇದು ಸಾರ್" ಎಂದ.

ಇದನ್ನು ನಿಮಗೆ ವಿವರಿಸಬೇಕು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ, ಹೆಣದ ಮುಂದೆ ಒಬ್ಬ ಹಿರಿಯ ನಿಂತು ಸತ್ತವರ ಹೆಸರು ಹಿಡಿದು ಅವರ ಬದುಕಿನ ತಪ್ಪುಗಳನ್ನೆಲ್ಲ ರಾಗವಾಗಿ ಹೇಳುತ್ತಾನೆ. ಒಂದೊಂದು ತಪ್ಪಿಗೂ ಸೇರಿದ ಜನವೆಲ್ಲ ಒಂದೇ ದನಿಯಲ್ಲಿ, ಹೋಗಲಿ, ಎನ್ನಬೇಕು. ಆ ತಪ್ಪುಗಳನ್ನು ಒಂದು ಕರುವಿನ ಮೇಲೆ ಹೊರಿಸಿ ಬಿಡುತ್ತಿದ್ದರಂತೆ, ಅದಕ್ಕೇ ಕರು ಹರಚುವುದು ಎಂದು ಹೆಸರು. ನನ್ನ ಕಾಲಕ್ಕೆ ಕರು ಹೆಸರಿಗೆ ಮಾತ್ರ ಉಳಿದಿತ್ತು. ಹಾಗೆ ಎಲ್ಲರ ಬಾಯಲ್ಲಿ ಹೋಗಲಿ ಅನ್ನಿಸಿಕೊಳ್ಳದೆ ಹೋದವರಿಗೆ ದಾರಿ ಸಿಗುವುದಿಲ್ಲ ಎಂಬುದು ನಮ್ಮವರ ನಂಬಿಕೆ. ನಮ್ಮ ಹಟ್ಟಿಯಲ್ಲಿ ಅದನ್ನು ಹೇಳುತ್ತಿದ್ದವರು ಹೆತ್ತಪ್ಪ. ಬೋಜಣ್ಣನ ಬೆರಳಿಗೆ ಬಂದದ್ದು ಜನರ ಉತ್ತರದ ರಾಗ.

ಮಾಸ್ಟರ್ ಅಂದೇ ಸಂಜೆ ನಮ್ಮ ಮನೆಗೆ ಬಂದು ಹೆತ್ತಪ್ಪನನ್ನು ಹಿಡಿದುಕೊಂಡರು. ನಾನು ನಲವತ್ತು ವರ್ಷ ಕಲಿಸಲು ಒದ್ದಾಡಿದ್ದು ನಿಮ್ಮ ಹಟ್ಟಿಯಲ್ಲಿ ಮಕ್ಕಳಿಗೂ ಬರುತ್ತದೆ, ಶಿಬಿರದ ಮಕ್ಕಳ ಮುಂದೆ ಒಮ್ಮೆ ಅದನ್ನು ಹೇಳಿ ಎಂದು ಬೇಡಿಕೊಂಡರು. ಹೆತ್ತಪ್ಪ ಕಾಫಿಯ ಲೋಟ ಕೆಳಗಿಟ್ಟರು. "ಹೆಣ ಇಲ್ಲದೆ ಅದ ಹೇಳ್ವದಿಲ್ಲೆ. ಹೇಳಿದರೆ ಅದು ಹೆಣ ಕೇಳ್ವದು." ಹಿಂದಿನ ತಿಂಗಳೆಲ್ಲ ಹೆತ್ತೆ ಎದೆ ಕಟ್ಟಿಕೊಂಡು ಮಲಗಿದ್ದಳು, ಆಗಷ್ಟೇ ಎದ್ದು ಓಡಾಡುತ್ತಿದ್ದಳು, ಹೆತ್ತಪ್ಪ ಒಳಗಿನ ಕೋಣೆಯ ಕಡೆ ನೋಡಿದ್ದು ನನಗೆ ನೆನಪಿದೆ. ಮಾಸ್ಟರ್ ಒತ್ತಾಯ ಮಾಡಲಿಲ್ಲ. ಮಾತು ಬೇಡ, ಹೆಸರು ಬೇಡ, ರಾಗ ಮಾತ್ರ ತೆಗೆದುಕೊಳ್ಳಲೇ ಎಂದರು. ಮಾತಿಲ್ಲದೆ ಬರೀ ತಂತಿಯ ಸದ್ದಿನಿಂದ ಏನಾದೀತು ಎಂದು ಹೆತ್ತಪ್ಪ ಒಪ್ಪಿಕೊಂಡು, ಮಾತು ಬಿಟ್ಟು ರಾಗವನ್ನಷ್ಟೇ ಗುನುಗಿ ತೋರಿಸಿದರು. ಅದರಲ್ಲಿ ತಪ್ಪೇನಿದೆ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಶಿಬಿರದ ಕೊನೆಯ ದಿನ ಮಧ್ಯಾಹ್ನ ಹಟ್ಟಿಯವರೆಲ್ಲ ಅಟ್ಟಕ್ಕೆ ಬಂದು ಚಾಪೆಯ ಮೇಲೆ ಕೂತರು. ಹೆತ್ತೆ ನಮ್ಮ ಹೆಂಗಸರು ಹೊದೆಯುವ ಬಿಳಿ ಮುಂಡು ಹೊದ್ದು ಮುಂದಿನ ಸಾಲಿನಲ್ಲಿ, ಮಗ್ಗುಲಲ್ಲಿ ನಾನು. ಹುಡುಗರು ಮೆಲ್ಲಗೆ ತಾಳ ಹಿಡಿದರು, ಮಾಸ್ಟರ್ ಹೆತ್ತಪ್ಪನ ರಾಗವನ್ನು ಎತ್ತಿಕೊಂಡರು. ನಾನು ಕೇಳಿದ ಅವರ ನುಡಿಸಾಣಿಕೆಯಲ್ಲಿ ಅದೇ ಅತ್ಯುತ್ತಮ, ಈಗಲೂ ಹಾಗೆಯೇ ಅನ್ನುತ್ತೇನೆ. ಆ ಮಡಚಿದ ಬೆರಳಿನಲ್ಲೇ ಹೆತ್ತಪ್ಪನ ದನಿಯ ಏರು, ಉಸಿರು ತೆಗೆದುಕೊಳ್ಳುವ ಜಾಗ, ಸಾಲಿನ ಕೊನೆಗೆ ಬರುವ ನಡುಕ ಎಲ್ಲ ಬಂತು. ಸಾಲು ಮುಗಿಸಿ ಅವರು ಬೋಜಣ್ಣನ ಕಡೆ ಗದ್ದ ಎತ್ತಿದರು. ಆದರೆ ಬೋಜಣ್ಣ ನುಡಿಸುವ ಮೊದಲೇ ಚಾಪೆಯ ಮೇಲಿದ್ದ ಹಟ್ಟಿಗೆ ಹಟ್ಟಿಯೇ, ಗಂಡಸರು ಹೆಂಗಸರು, ಒಂದೇ ದನಿಯಲ್ಲಿ, "ಹೋಗಲಿ" ಎಂದಿತು. ಹುಟ್ಟಿದಾಗಿನಿಂದ ಆ ರಾಗಕ್ಕೆ ಹಾಗೆ ಅಂದು ಅಂದು ರೂಢಿಯಾದ ಬಾಯಿಗಳು. ಹೆತ್ತಪ್ಪನೂ ಅಂದಿದ್ದರು. ಊಟಿಯ ಹುಡುಗರು ಖುಷಿಯಿಂದ ಚಪ್ಪಾಳೆ ತಟ್ಟಿದರು, ಬೇರೆ ಯಾರೂ ತಟ್ಟದ್ದನ್ನು ನೋಡಿ ನಿಲ್ಲಿಸಿದರು.

ಅಟ್ಟದಲ್ಲಿ ಒಬ್ಬೊಬ್ಬರ ಕಣ್ಣುಗಳೂ ನಿಧಾನವಾಗಿ ಮುಂದಿನ ಸಾಲಿಗೆ, ಹೆತ್ತೆಯ ಕಡೆಗೆ ತಿರುಗಿದವು. ನಾನು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. "ಎನ್ನ ಏಕ ನೋಡೀರಿ?" ಎಂದಳು ಹೆತ್ತೆ. "ಎಂಗ ಮನೇಲಿ ಇನ್ನೂ ಅವರೆ ಕುಯ್ಯಲಿಲ್ಲೆ, ಈಗ ಹೋಗ್ವದಿಲ್ಲೆ." ಯಾರೂ ನಗಲಿಲ್ಲ. ಹಿಂದಿನಿಂದ ಒಬ್ಬ ಹೆಂಗಸು ತಗ್ಗಿದ ದನಿಯಲ್ಲಿ, ಹೆಸರು ಹಾಕದೆ ಬಿಟ್ಟರೆ ಅದು ತಾನೇ ಒಬ್ಬರ ಹುಡುಕ್ವದು ಎಂದಳು. ಬೋಜಣ್ಣ ಮಾಸ್ಟರಿಗೆ ಇಂಗ್ಲಿಷಿನಲ್ಲಿ ಏನಾಯಿತೆಂದು ವಿವರಿಸಿದ. ಅವರ ಮುಖದ ಬಣ್ಣ ಇಳಿಯಿತು. ಗಿಟಾರನ್ನು ಗೋಡೆಗೆ ಒರಗಿಸಿಟ್ಟು, ಹೆತ್ತಪ್ಪನ ಮುಂದೆ ಬಂದು ಹಲಗೆಯ ಮೇಲೆ ಕೂತರು.

"ನನ್ ಹೆಸರು ಹಾಕು ಜೋಗಿ" ಎಂದರು.

ಹೆತ್ತಪ್ಪ ತಲೆ ಅಲ್ಲಾಡಿಸಿದರು. "ನೀ ಎಂಗಳವ ಅಲ್ಲ. ಬದುಕಿಯೂ ಇದ್ದೀ."

"ಅದಕ್ಕೇ ಹೇಳೋದು. ತಂಗಿ ಒಬ್ಳಿದ್ಲು, ಹೋದ್ಲು. ನಾಳೆ ನಾನ್ ಹೋದ್ರೆ ಹೋಗಲಿ ಅನ್ನೋಕೆ ಯಾರ್ ಬರ್ತಾರೆ? ಇಷ್ಟ್ ಜನ ಇಲ್ಲಿದ್ದಾರಲ್ಲ, ಇವತ್ತೇ ಅನ್ನಲಿ."

ಹೆತ್ತಪ್ಪ ಹೆತ್ತೆಯನ್ನು ನೋಡಿದರು. ಅವಳು ಬೇಡ ಎಂದು ಕೈ ಅಲ್ಲಾಡಿಸಿದಳು. ಇನ್ನೊಬ್ಬರ ಜೀವ ಮುಂದಿಟ್ಟು ತಾನು ಉಳಿಯುವುದು ಅವಳಿಗೆ ಬೇಕಿರಲಿಲ್ಲ. ಹೆತ್ತಪ್ಪ ಕೊನೆಗೆ ಕೇಳಿದ್ದು ಒಂದೇ ಮಾತು: "ನಿನ್ನ ತಪ್ಪು ಯಾವುದು, ಎನಗ ತಿಳಿಯದಲ್ಲ?" ಮಾಸ್ಟರ್ ತಾವೇ ಒಂದೊಂದಾಗಿ ಹೇಳಿದರು, ಹೆತ್ತಪ್ಪ ಅದನ್ನು ತಮ್ಮ ರಾಗಕ್ಕೆ ತಿರುಗಿಸಿ ಬಾಸಿಲ್ ಎಂಬ ಹೆಸರು ಸೇರಿಸಿ ಹೇಳಿದರು. ಕುಡಿದು ಬಂದು ಶಿಷ್ಯನ ಕೈಗೆ ಹೊಡೆದದ್ದು. ಹೋಗಲಿ. ಮದುವೆಯಾಗುತ್ತೇನೆಂದು ಕಲ್ಕತ್ತದಲ್ಲಿ ಒಬ್ಬಳನ್ನು ಕಾಯಿಸಿದ್ದು. ಹೋಗಲಿ. ಸತ್ತ ಗೆಳೆಯನ ರಾಗವನ್ನು ತನ್ನದೆಂದು ನುಡಿಸಿದ್ದು. ಹೋಗಲಿ. ಕೊನೆಯದು ಮಾಸ್ಟರ್ ಬಾಯಿಂದ ತಡೆದು ತಡೆದು ಬಂತು: ಆಸ್ಪತ್ರೆಯಲ್ಲಿದ್ದ ತಂಗಿ ಹೋಗಬೇಡ ಎಂದರೂ ಹೊಸ ವರ್ಷದ ಕುಣಿತಕ್ಕೆ ನುಡಿಸಲು ಹೋದದ್ದು, ಬರುವಷ್ಟರಲ್ಲಿ ಅವಳಿಲ್ಲದ್ದು. ಹೆತ್ತಪ್ಪನಿಗೂ ಅದನ್ನು ರಾಗದಲ್ಲಿ ಹೇಳಲು ಎರಡು ಸಲ ಶುರು ಮಾಡಬೇಕಾಯಿತು. ಆ ಉತ್ತರವನ್ನು ಹಟ್ಟಿ ಎಷ್ಟು ಮೆತ್ತಗೆ ಹೇಳಿತೆಂದರೆ ನನಗೆ ಅಳು ಬಂತು. ಊಟಿಯ ಹುಡುಗರೂ ಆಗ ಸೇರಿ ಹೇಳಿದರು.

ಅದೇ ಕೊನೆಯ ಶಿಬಿರ. ಕೈ ಪೂರ್ತಿ ಮಡಚಿಕೊಂಡ ಮೇಲೆ ಮಾಸ್ಟರ್ ಬೆಂಗಳೂರಿನ ಒಂದು ವೃದ್ಧಾಶ್ರಮಕ್ಕೆ ಹೋದರು, ಗಿಟಾರನ್ನು ಬೋಜಣ್ಣನಿಗೆ ಬಿಟ್ಟುಹೋದರು. ಹೆತ್ತೆ ಇನ್ನೂ ಕೆಲವು ವರ್ಷ ಗೊಣಗಿಕೊಂಡೇ ಬದುಕಿ, ಒಂದು ಮಳೆಗಾಲದಲ್ಲಿ ತೀರಿಕೊಂಡಳು. ಮಾಸ್ಟರ್ ಹೋದ ಸುದ್ದಿ ಹಳೆಯ ಶಿಷ್ಯನೊಬ್ಬನ ಫೋನಿನಲ್ಲಿ ಬಂದಾಗ ಎಲ್ಲ ಮುಗಿದು ಎಷ್ಟೋ ದಿನವಾಗಿತ್ತು. ನಾಲ್ಕು ಜನ ನಿಂತು ಮಣ್ಣು ಮಾಡಿದ್ದರಂತೆ. ನಾವು ಹೆತ್ತಪ್ಪನಿಗೆ ಹೇಳಲು ಹೆದರಿದೆವು. ಅವರು ಕೇಳಿ, "ಅವಂಗ ಆಗಿದೆ. ಎರಡು ಸಲ ಹೇಳ್ವದಿಲ್ಲೆ" ಎಂದು ಮುಖ ತೊಳೆದುಕೊಂಡು ಬಂದು ಅಂಗಳದಲ್ಲಿ ಕೂತರು. ಅಂದು ಊಟಕ್ಕೆ ಏಳಲಿಲ್ಲ.

ಹೆತ್ತಪ್ಪ ತೀರಿಕೊಂಡದ್ದು ಕಳೆದ ವರ್ಷ. ಹಟ್ಟಿಯ ಮನೆಗಳಲ್ಲಿ ಅರ್ಧಕ್ಕೆ ಬೀಗ, ಅಟ್ಟವಿದ್ದ ಜಾಗದಲ್ಲಿ ಪ್ರವಾಸಿಗರಿಗೆ ಕಾಟೇಜು. ಸಾವಿಗೆ ಬಂದ ಜನ ಕಡಿಮೆಯೇನಲ್ಲ, ಕಾರುಗಳಲ್ಲಿ ಬಂದಿದ್ದರು. ಆದರೆ ಕರು ಹರಚಲು ಯಾರಿಗೂ ಬರುತ್ತಿರಲಿಲ್ಲ. ಬಾಯಿಪಾಠ ಇದ್ದದ್ದು ಹೆತ್ತಪ್ಪನಿಗೆ ಒಬ್ಬರಿಗೇ, ಅವರೇ ಹೆಣವಾಗಿ ಮಲಗಿದ್ದರು. ಆಗ ಬೋಜಣ್ಣ ಒಳಗೆ ಹೋಗಿ ಮಾಸ್ಟರ ಗಿಟಾರು ತಂದ. ಅವನಿಗೆ ಮಾತು ಗೊತ್ತಿರಲಿಲ್ಲ, ರಾಗ ಗೊತ್ತಿತ್ತು. ಹೆಣದ ತಲೆಯ ಹತ್ತಿರ ಕೂತು ಮೊದಲ ಸಾಲು ನುಡಿಸಿ, ಜನರ ಕಡೆ ಗದ್ದ ಎತ್ತಿದ.

ಯಾರೂ ಬಾಯಿ ಬಿಡಲಿಲ್ಲ. ಅಂದು ಅಟ್ಟದಲ್ಲಿದ್ದ ಮುದುಕ ಮುದುಕಿಯರು ಹೆಚ್ಚು ಮಂದಿ ಉಳಿದಿರಲಿಲ್ಲ, ಉಳಿದವರಿಗೆ ಕಿವಿ ಮಂದ. ಹುಡುಗರು ಫೋನು ಎತ್ತಿ ಹಿಡಿದು, ಇದೊಂದು ಹಾಡಿನ ಕಾರ್ಯಕ್ರಮವೆಂಬಂತೆ ಮುಂದಿನದಕ್ಕೆ ಕಾಯುತ್ತಿದ್ದರು. ಬೋಜಣ್ಣ ಅದೇ ಸಾಲನ್ನು ಮತ್ತೆ ನುಡಿಸಿದ. "ಹೋಗಲಿ" ಎಂದೆ ನಾನು. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು. ಅವನು ಎರಡನೆಯ ಸಾಲಿಗೆ ಹೋದ, ನಾನು ಮತ್ತೆ ಹೇಳಿದೆ. ಯಾವ ಸಾಲಿನಲ್ಲಿ ಹೆತ್ತಪ್ಪನ ಯಾವ ತಪ್ಪು ಇತ್ತೋ ಅವನಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಅವನು ನುಡಿಸಿ ಮುಗಿಸುವವರೆಗೂ ಒಂದನ್ನೂ ಬಿಡದೆ ಎಲ್ಲಕ್ಕೂ ಹೋಗಲಿ ಎಂದೆ.